ಕಂಸನ ದನಿ: ‘ಶಬ್ದ’ ಪಾಠದಲ್ಲಿ ಆರ್. ನಾಗರತ್ನಮ್ಮ

ಎಂಟನೆಯ ತರಗತಿಯ ‘ಶಬ್ದ’ ಪಾಠದಲ್ಲಿ ಒಂದು ಮಾಹಿತಿಯಿದೆ: ಗಂಡಸರ ಧ್ವನಿತಂತುಗಳು ಸುಮಾರು 20 ಮಿ.ಮೀ. ಉದ್ದ, ಹೆಂಗಸರವು ಅದಕ್ಕಿಂತ ಸುಮಾರು 5 ಮಿ.ಮೀ. ಗಿಡ್ಡ. ಇದನ್ನೋದಿದ ಮಕ್ಕಳು ‘ಗಂಡಸರದ್ದೇ ಜೋರು ದನಿ’ ಎಂದುಕೊಂಡುಬಿಡುತ್ತಾರೆ. ಸ್ಥಾಯಿ ಬೇರೆ, ಗಟ್ಟಿತನ ಬೇರೆ. ಯಲಹಂಕದ ಕಡೆಯ ಶಾಲೆಯೊಂದರಲ್ಲಿ ಬೋಧನಾಭ್ಯಾಸ ಮಾಡುವಾಗ ಈ ವ್ಯತ್ಯಾಸ ತಿಳಿಸಲು ಒಬ್ಬ ರಂಗಕಲಾವಿದೆಯ ಬದುಕನ್ನು ಬಳಸಿದೆ.

ನಾಗರತ್ನಮ್ಮ ಹುಟ್ಟಿದ್ದು 1926ರಲ್ಲಿ, ಮೈಸೂರಿನಲ್ಲಿ. ವೃತ್ತಿ ಕಂಪನಿಗಳಲ್ಲಿ ಹಾಡಿ, ನಟಿಸಿ ಪಳಗಿದವರು. 1958ರಲ್ಲಿ ತಾವೇ ಸ್ತ್ರೀ ನಾಟಕ ಮಂಡಳಿ ಕಟ್ಟಿದರು. ಅಲ್ಲಿ ಬಣ್ಣ ಹಚ್ಚುವವರೆಲ್ಲ ಹೆಂಗಸರೇ. ಹಾಗಾದರೆ ಕಂಸ, ರಾವಣ, ಭೀಮ, ದುರ್ಯೋಧನ? ಆ ಪಾತ್ರಗಳಿಗೇ ನಾಗರತ್ನಮ್ಮ ಹೆಸರಾದದ್ದು. ನಟಿಯಾಗಿರುವುದು ಒಂದು ಕಷ್ಟ, ಮಂಡಳಿ ನಡೆಸುವುದು ಇನ್ನೊಂದು. ತಾಲೀಮು, ವೇಷಭೂಷಣ, ಪ್ರಯಾಣ, ಕಲಾವಿದೆಯರ ಸಂಭಾವನೆ ಎಲ್ಲವೂ ಮುಂದೆ ನಿಂತವರ ತಲೆಯ ಮೇಲೆ. 2012ರಲ್ಲಿ ಪದ್ಮಶ್ರೀ ಬಂತು. ಅದೇ ವರ್ಷ ಅಕ್ಟೋಬರ್‌ನಲ್ಲಿ ತೀರಿಕೊಂಡರು.

“ಮಿಸ್, ಮೀಸೆ ಅಂಟಿಸ್ಕೋಬಹುದು, ದನಿಗೆ ಏನ್ ಮಾಡ್ತಾರೆ?” ಎಂದು ಒಬ್ಬ ಕೇಳಿದ. ನನಗೆ ಬೇಕಿದ್ದದ್ದೂ ಇದೇ ಪ್ರಶ್ನೆ.

ಸ್ಟೀಲ್ ಸ್ಕೇಲನ್ನು ಮೇಜಿನ ಅಂಚಿನಲ್ಲಿ ಒತ್ತಿ ಹಿಡಿದು, ಹೊರಚಾಚಿದ ತುದಿಯನ್ನು ಮೀಟಿಸಿದೆ. ಚಾಚಿದ ಭಾಗ ಉದ್ದವಿದ್ದರೆ ತಗ್ಗಿನ ಸ್ಥಾಯಿ, ಗಿಡ್ಡವಾದರೆ ಏರು ಸ್ಥಾಯಿ. ಆಮೇಲೆ ಉದ್ದದ ಭಾಗವನ್ನು ಮೆಲ್ಲಗೆ, ಗಿಡ್ಡ ಭಾಗವನ್ನು ಬಲವಾಗಿ ಮೀಟಿಸಿದಾಗ ಗಿಡ್ಡದ್ದೇ ಜೋರಾಗಿ ಕೇಳಿಸಿತು. ಉದ್ದ ನಿರ್ಧರಿಸುವುದು ಆವೃತ್ತಿಯನ್ನು. ಗಟ್ಟಿತನ ಬರುವುದು ಕಂಪನದ ವಿಸ್ತಾರದಿಂದ, ಅಂದರೆ ಹಾಡುವವರಲ್ಲಿ ಉಸಿರಿನ ಒತ್ತಡದಿಂದ. ಧ್ವನಿವರ್ಧಕ ಬರುವ ಮುಂಚೆ ರಾಜಪಾರ್ಟಿನ ಗಂಡಸರೂ ಕೊನೆಯ ಸಾಲಿಗೆ ಕೇಳಲೆಂದು ಏರು ಶ್ರುತಿಯಲ್ಲೇ ಹಾಡುತ್ತಿದ್ದರು. ರಂಗದ ಮೇಲಿನ ಶೌರ್ಯಕ್ಕೆ ತಗ್ಗಿನ ದನಿ ಬೇಕೇಬೇಕೆಂದಿರಲಿಲ್ಲ.

ಇದು ಭಾಷಾ ಪಾಠದಂತಾಯಿತು ಎಂದು ಸಹಪಾಠಿ ವೀಕ್ಷಕರೊಬ್ಬರು ಬರೆದರು. ನಾನು ಒಪ್ಪುವುದಿಲ್ಲ. ಕಥೆಗೆ ಹಿಡಿದದ್ದು ಆರೇಳು ನಿಮಿಷ. ಹಿಂದಿನ ಬೆಂಚಿನ ಹುಡುಗಿಯರು ಸ್ಕೇಲು ಕೇಳಿ ಪಡೆದು ತಾವೇ ಮೀಟಿದ್ದು ಅದರ ನಂತರ. ಆದರೆ ಪ್ರಯೋಗಕ್ಕೆ ಗಡಿಯಾರ ನೋಡಿ ಸಮಯ ಉಳಿಸಿಕೊಳ್ಳಬೇಕು, ಇಲ್ಲದಿದ್ದರೆ ಮಕ್ಕಳು ಕಂಸನನ್ನು ಬಿಡುವುದಿಲ್ಲ.

ಮೌಲ್ಯಮಾಪನಕ್ಕೆ ಕೇಳಿದ ಪ್ರಶ್ನೆ: ನಾಗರತ್ನಮ್ಮನವರ ರಾವಣನ ದನಿ ಕೊನೆಯ ಸಾಲಿಗೆ ಮುಟ್ಟಲು ಯಾವುದು ಹೆಚ್ಚಬೇಕು, ಆವೃತ್ತಿಯೋ ಕಂಪನದ ವಿಸ್ತಾರವೋ? ಹೆಚ್ಚಿನವರು ವಿಸ್ತಾರ ಎಂದರು. ಪುಸ್ತಕದ ಉತ್ತರವೂ ಅದೇ. ಒಬ್ಬಳು ಮಾತ್ರ ‘ಎರಡೂ’ ಎಂದು ಬರೆದಿದ್ದಳು. ತೀರಾ ತಗ್ಗಿನ ಶಬ್ದಗಳಿಗಿಂತ ಏರು ಸ್ಥಾಯಿಯವುಗಳಿಗೆ ನಮ್ಮ ಕಿವಿ ಹೆಚ್ಚು ಸೂಕ್ಷ್ಮ. ಅವಳಿಗೂ ಪೂರ್ತಿ ಅಂಕ ಕೊಟ್ಟೆ.