ಡಿಜಿಟಲ್ ರಿಫ್ರ್ಯಾಕ್ಟೋಮೀಟರ್: ಮೂತ್ರದ ಸಾಂದ್ರತೆ ಮತ್ತು ದೇಹದ ನೀರಿನಂಶ

1. ತತ್ತ್ವ: ಬೆಳಕಿನ ವಕ್ರೀಭವನ. ಕರಗಿದ ಘನಾಂಶ ಹೆಚ್ಚಿದಂತೆ ವಕ್ರೀಭವನ ಸೂಚ್ಯಂಕವೂ ಹೆಚ್ಚುತ್ತದೆ.
2. ಪ್ರಯೋಗಾಲಯದ ರಿಫ್ರ್ಯಾಕ್ಟೋಮೀಟರ್ ರೂಪಿಸಿದವರು: ಅರ್ನ್ಸ್ಟ್ ಆಬೆ (ಜರ್ಮನಿ).
3. ಅಳತೆ: ವಿಶಿಷ್ಟ ಗುರುತ್ವ. ಇದಕ್ಕೆ ಏಕಮಾನವಿಲ್ಲ.
4. ಮಾದರಿ: ಕೆಲವು ಹನಿ ಸಾಕು. ಶೂನ್ಯ ಹೊಂದಾಣಿಕೆಗೆ ಭಟ್ಟಿ ಇಳಿಸಿದ ನೀರು.
5. ನೆನಪಿಡಬೇಕಾದ ಅಂಕಿಗಳು:
 • ಶುದ್ಧ ನೀರು: 1.000
 • ಸಾಮಾನ್ಯ ಮೂತ್ರ: ಸುಮಾರು 1.005–1.030
 • 1.020 ಮೀರಿದರೆ (ಸಾಮಾನ್ಯ ವ್ಯಾಪ್ತಿಯೊಳಗಿದ್ದರೂ) ನಿರ್ಜಲೀಕರಣದ ಸೂಚನೆ
6. ಬಳಕೆ: ಅಮೆರಿಕದ ಕಾಲೇಜು ಕುಸ್ತಿಯಲ್ಲಿ (ಎನ್‌ಸಿಎಎ) ಕನಿಷ್ಠ ತೂಕ ನಿರ್ಧರಿಸುವ ಮುನ್ನ ಪರೀಕ್ಷೆ, ಮಿತಿ 1.020.
7. ಸಂಬಂಧಿತ ಹಾರ್ಮೋನ್: ಎಡಿಎಚ್ (ವ್ಯಾಸೊಪ್ರೆಸಿನ್). ಉತ್ಪತ್ತಿ ಹೈಪೋಥಲಾಮಸ್‌ನಲ್ಲಿ, ಬಿಡುಗಡೆ ಹಿಂಭಾಗದ ಪಿಟ್ಯುಟರಿಯಿಂದ.

ಗೊಂದಲ ಬೇಡ:
 • ಯೂರಿನೋಮೀಟರ್: ತೇಲುವಿಕೆ, ಆರ್ಕಿಮಿಡೀಸ್ ತತ್ತ್ವ. ರಿಫ್ರ್ಯಾಕ್ಟೋಮೀಟರ್: ವಕ್ರೀಭವನ.
 • ಬ್ರಿಕ್ಸ್ ಮಾಪನ: ದ್ರಾವಣದ ಸಕ್ಕರೆ ಅಂಶ.
 • ಮೂತ್ರದಲ್ಲಿ ಗ್ಲೂಕೋಸ್, ಪ್ರೋಟೀನ್ ಇದ್ದರೆ ನೀರಿನ ಕೊರತೆ ಇಲ್ಲದೆಯೂ ಅಂಕಿ ಏರುತ್ತದೆ.