ತಲಪಾಡಿ ದಾಟುವ ಉಪ್ಪಿನಕಾಯಿಗೆ ಜಿಎಸ್‌ಟಿ ಬೇಕೇ?

ಪ್ರಶ್ನೆ: ಉಳ್ಳಾಲದ ನಮ್ಮ ಮನೆಯಲ್ಲೇ ಉಪ್ಪಿನಕಾಯಿ, ಹಪ್ಪಳ ತಯಾರಿಸಿ ಕೇರಳದ ಮಂಜೇಶ್ವರ, ಉಪ್ಪಳದ ಅಂಗಡಿಗಳಿಗೂ ಹಾಕುತ್ತೇವೆ. ವರ್ಷದ ವಹಿವಾಟು ಹತ್ತು ಲಕ್ಷ ದಾಟುವುದಿಲ್ಲ. 40 ಲಕ್ಷದ ಒಳಗಿದ್ದರೆ ನೋಂದಣಿ ಬೇಡ ಎನ್ನುತ್ತಾರೆ, ನಿಜವೇ? ಕೇರಳದಲ್ಲೂ ಮಾಡಿಸಬೇಕೇ?
– ಓದುಗರು, ಉಳ್ಳಾಲ

ಉತ್ತರ: 40 ಲಕ್ಷದ ವಿನಾಯಿತಿ ರಾಜ್ಯದೊಳಗೆ ಸರಕು ಮಾರುವವರಿಗೆ. ತೆರಿಗೆ ಬೀಳುವ ಸರಕು ರಾಜ್ಯದ ಗಡಿ ದಾಟಿತೆಂದರೆ ವಹಿವಾಟು ಎಷ್ಟೇ ಇರಲಿ, ಮೊದಲ ಬಿಲ್ಲಿನಿಂದಲೇ ನೋಂದಣಿ ಕಡ್ಡಾಯ. ಕರಕುಶಲ ವಸ್ತುಗಳಂಥ ಕೆಲವಕ್ಕೆ ಮಾತ್ರ ರಿಯಾಯಿತಿಯಿದೆ. ಸೇವೆ ಒದಗಿಸುವವರಿಗೆ ಗಡಿಯಾಚೆಗೂ 20 ಲಕ್ಷದವರೆಗೆ ಬೇಡ.

ಆದರೆ ನಿಮ್ಮ ಎರಡು ಸರಕಿಗೆ ಎರಡು ನಿಯಮ. ಹಪ್ಪಳಕ್ಕೆ ಜಿಎಸ್‌ಟಿ ಇಲ್ಲ. ಅದೊಂದನ್ನೇ ಕೇರಳಕ್ಕೆ ಕಳಿಸುವುದಾದರೆ ನೋಂದಣಿಯ ಗೊಡವೆಯೂ ಇಲ್ಲ. ಉಪ್ಪಿನಕಾಯಿಗೆ 2025ರ ಸೆಪ್ಟೆಂಬರ್ 22ರಿಂದ ಶೇ 5 ತೆರಿಗೆ. ಅದು ತಲಪಾಡಿಯ ಗಡಿ ದಾಟುವುದಾದರೆ ನೋಂದಣಿ ಬೇಕೇ ಬೇಕು.

ಕೇರಳದಲ್ಲಿ ಬೇರೆ ನೋಂದಣಿ ಬೇಡ. ಅಲ್ಲಿ ಅಂಗಡಿಯನ್ನೋ ಗೋದಾಮನ್ನೋ ತೆರೆದರೆ ಆಗ 32ರಿಂದ ಶುರುವಾಗುವ ಅಲ್ಲಿನ ಸಂಖ್ಯೆ ಬೇಕಾಗುತ್ತದೆ. ಈಗ ಕರ್ನಾಟಕದ, 29ರಿಂದ ಶುರುವಾಗುವ ಸಂಖ್ಯೆ ಸಾಕು. ಜಿಎಸ್‌ಟಿ ಪೋರ್ಟಲಿನಲ್ಲಿ ಅರ್ಜಿ ಹಾಕಲು ಸರ್ಕಾರಿ ಶುಲ್ಕವಿಲ್ಲ.

ಬಿಲ್ ಬರೆಯುವಾಗ ಎಚ್ಚರ. ಹತ್ತು ಸಾವಿರ ರೂಪಾಯಿಯ ಉಪ್ಪಿನಕಾಯಿ ಮಂಗಳೂರಿಗೆ ಹೋದರೆ ಸಿಜಿಎಸ್‌ಟಿ 250, ಎಸ್‌ಜಿಎಸ್‌ಟಿ 250. ಉಪ್ಪಳಕ್ಕೆ ಹೋದರೆ ಐಜಿಎಸ್‌ಟಿ 500. ಮೊತ್ತ ಒಂದೇ, ಆದರೆ ರಾಜ್ಯದ ಪಾಲು ಸರಕು ಬಳಕೆಯಾಗುವ ಕೇರಳಕ್ಕೆ ಸೇರಬೇಕು. ತಪ್ಪು ಕಲಮಿನಲ್ಲಿ ಕಟ್ಟಿದರೆ ಸರಿಯಾದುದನ್ನು ಮತ್ತೆ ಕಟ್ಟಿ, ಮೊದಲಿನದಕ್ಕೆ ಮರುಪಾವತಿ ಕೇಳಬೇಕು. ಬಡ್ಡಿ ಬೀಳದಿದ್ದರೂ ಅಷ್ಟು ದಿನ ಕೈಯ ಹಣ ಸಿಕ್ಕಿಬೀಳುತ್ತದೆ.

ಸಣ್ಣವರಿಗೆ ಹಗುರವೆಂದು ಕಾಂಪೊಸಿಷನ್ ಯೋಜನೆಯನ್ನು ಯಾರಾದರೂ ಸೂಚಿಸಿಯಾರು. ಹೊರರಾಜ್ಯಕ್ಕೆ ಸರಕು ಮಾರುವವರಿಗೆ ಅದು ಸಿಗದು. ಮೂರು ತಿಂಗಳಿಗೊಮ್ಮೆ ರಿಟರ್ನ್ ಸಲ್ಲಿಸುವ ಸೌಲಭ್ಯವನ್ನು ಬೇಕಾದರೆ ಆರಿಸಿಕೊಳ್ಳಿ. ಆದರೆ ವ್ಯಾಪಾರ ನಡೆಯದಿದ್ದರೂ ರಿಟರ್ನ್ ತಪ್ಪಿಸುವಂತಿಲ್ಲ. ಒಂದು ಲೋಡಿನ ಉಪ್ಪಿನಕಾಯಿಯ ಬೆಲೆ 50 ಸಾವಿರ ಮೀರಿದರೆ ಇ-ವೇ ಬಿಲ್ಲೂ ಬೇಕು.

ಹಾಗಾಗಿ ಮೊದಲು ಲೆಕ್ಕ ಹಾಕಿ: ಗಡಿಯಾಚೆಗೆ ಹೋಗುವುದರಲ್ಲಿ ಉಪ್ಪಿನಕಾಯಿ ಎಷ್ಟು? ಅದು ಬೆರಳೆಣಿಕೆಯ ಬಾಟಲಿಗಳಷ್ಟೇ ಆದರೆ ಉಪ್ಪಿನಕಾಯಿಯನ್ನು ಜಿಲ್ಲೆಯಲ್ಲೇ ಮಾರಿ, ಕೇರಳಕ್ಕೆ ಹಪ್ಪಳ ಮಾತ್ರ ಕಳಿಸಿ. ಆಗ ನಿಮಗೆ 40 ಲಕ್ಷದ ವಿನಾಯಿತಿ ಉಳಿಯುತ್ತದೆ. ಗಿರಾಕಿ ಹೆಚ್ಚಿದ್ದರೆ ಮುಂದಿನ ಲೋಡಿಗೆ ಮುಂಚೆಯೇ ನೋಂದಣಿ ಮಾಡಿಸಿ.