ಜಾಮೀನು ಅಂದಮೇಲೆ ಜಾಮೀನೇ

ಗಂಡನನ್ನು ಅಮೆರಿಕಕ್ಕೆ ಕರೆಸಿಕೊಳ್ಳಲು ಎಷ್ಟು ಖರ್ಚಾಯಿತು ಎಂದು ಹಾಸನದ ಕಡೆಯ ನೆಂಟರು ಆಗಾಗ ಫೋನ್ ಮಾಡಿ ಕೇಳುತ್ತಾರೆ. ಅವರ ಮಗಳಿಗೋ ತಂಗಿಯ ಮಗನಿಗೋ ಈ ಕಡೆಯ ಸಂಬಂಧ ಕೂಡಿಬಂದಿರುತ್ತದೆ. ಶುಲ್ಕದ ಲೆಕ್ಕವನ್ನು ಫೋನಿನಲ್ಲೇ ಹೇಳಿ ಮುಗಿಸಬಹುದು. ಆದರೆ ಆ ಕಡತದೊಳಗಿನ ದೊಡ್ಡ ಹಣದ ವಿಷಯ ಶುಲ್ಕವಲ್ಲ, ಐ-864 ಎಂಬ ನಮೂನೆಯ ಕೊನೆಗೆ ಬೀಳುವ ಸಹಿ. ಅದರ ಬಗ್ಗೆ ಮಾತ್ರ ಯಾರೂ ಕೇಳುವುದಿಲ್ಲ.

ಮೊದಲು ಶುಲ್ಕದ ಮಾತು ಮುಗಿಸಿಬಿಡುತ್ತೇನೆ. ನಾನು ಅಮೆರಿಕದ ಪ್ರಜೆ, ಒಹಾಯೊದ ಕೊಲಂಬಸ್‌ನಲ್ಲಿದ್ದೇನೆ. ನನ್ನವರು ಅರಸೀಕೆರೆಯವರು, ಹಾಸನದ ಖಾಸಗಿ ಪಿಯು ಕಾಲೇಜೊಂದರಲ್ಲಿ ಗಣಿತದ ಮೇಷ್ಟ್ರಾಗಿದ್ದರು. ಪ್ರಜೆಯ ಗಂಡ ಅಥವಾ ಹೆಂಡತಿಗೆ ವರ್ಷಕ್ಕೆ ಇಷ್ಟೇ ವೀಸಾ ಎಂಬ ಮಿತಿ ಇಲ್ಲ. ಗ್ರೀನ್ ಕಾರ್ಡ್ ಇರುವವರು ಅರ್ಜಿ ಹಾಕಿದರೆ ಸರದಿ ಕಾಯಬೇಕಾಗುತ್ತದೆ. ಮೊದಲ ಅರ್ಜಿ ಐ-130. 2024ರ ಏಪ್ರಿಲ್ 1ರಿಂದ ಬಂದ ದರದಲ್ಲಿ ಆನ್‌ಲೈನ್ ಆದರೆ 625 ಡಾಲರ್, ಕಾಗದದಲ್ಲಾದರೆ 675. ಅದು ಮಂಜೂರಾದ ಮೇಲೆ ಕಡತ ನ್ಯಾಷನಲ್ ವೀಸಾ ಸೆಂಟರಿಗೆ ಹೋಗುತ್ತದೆ. ಅಲ್ಲಿ ವೀಸಾ ಅರ್ಜಿಗೆ 325, ಆರ್ಥಿಕ ಜಾಮೀನು ಪರಿಶೀಲನೆಗೆ 120. ಮುಂಬೈಯ ಅಮೆರಿಕನ್ ಕಾನ್ಸುಲೇಟಿನ ಸಂದರ್ಶನದಲ್ಲಿ ವೀಸಾ ಸಿಕ್ಕಮೇಲೆ ಗ್ರೀನ್ ಕಾರ್ಡ್ ಮುದ್ರಣಕ್ಕೆಂದು ಇನ್ನೊಂದು 235. ಒಟ್ಟು 1,305 ಡಾಲರ್, ರೂಪಾಯಿಯಲ್ಲಿ ಒಂದು ಲಕ್ಷದ ಮೇಲೆ. ವೈದ್ಯಕೀಯ ತಪಾಸಣೆ, ಬಾಕಿ ಉಳಿದ ಲಸಿಕೆಗಳು, ಮುಂಬೈ ಓಡಾಟ, ವಿಮಾನದ ಟಿಕೆಟ್ ಇದರಲ್ಲಿ ಸೇರಿಲ್ಲ. ಅರ್ಜಿ ತಿರಸ್ಕಾರವಾದರೂ ಕಟ್ಟಿದ ಶುಲ್ಕ ವಾಪಸ್ ಬರುವುದಿಲ್ಲ.

ಈಗ ಐ-864. ವಲಸೆ ಬರುವವರು ಸರ್ಕಾರದ ನೆರವಿನ ಮೇಲೆ ಬದುಕುವಂತಾಗಬಾರದು, ಅವರ ಹೊಣೆ ನನ್ನದು ಎಂದು ಅರ್ಜಿ ಹಾಕಿದವರು ಬರೆದುಕೊಡುವ ಪತ್ರ ಇದು. 1996ರ ಕಾನೂನಿನ ನಂತರ ಇದಕ್ಕೆ ನ್ಯಾಯಾಲಯದಲ್ಲಿ ಜಾರಿ ಮಾಡಿಸಬಹುದಾದ ಕರಾರಿನ ಬಲ ಬಂದಿದೆ. ಬರೆದುಕೊಡುವವರ ಆದಾಯ ಸರ್ಕಾರ ಪ್ರತಿವರ್ಷ ಪ್ರಕಟಿಸುವ ಬಡತನದ ಮಿತಿಯ ಶೇ. 125ರಷ್ಟಾದರೂ ಇರಬೇಕು. 2025ರ ಪಟ್ಟಿಯ ಪ್ರಕಾರ ಇಬ್ಬರ ಮನೆಗೆ ಅದು ವರ್ಷಕ್ಕೆ 26,437 ಡಾಲರ್.

ಇದೇನು ದೊಡ್ಡ ಮೊತ್ತ ಎಂದು ಸಂಬಳದವರಿಗೆ ಅನ್ನಿಸಬಹುದು. ನಾನು ಮನೆಯಲ್ಲೇ ಡೇಕೇರ್ ನಡೆಸುತ್ತೇನೆ. ತಿಂಗಳಿಗೆ ಕೈಗೆ ಬರುವ ದುಡ್ಡು ಬೇರೆ, ತೆರಿಗೆ ವಿವರದಲ್ಲಿ ಕಾಣುವ ದುಡ್ಡು ಬೇರೆ. ಮಕ್ಕಳ ಊಟತಿಂಡಿ, ಆಟಿಕೆ, ವಿಮೆ, ಮನೆಯ ಬಾಡಿಗೆಯಲ್ಲಿ ಡೇಕೇರಿನ ಪಾಲು ಎಲ್ಲ ಕಳೆದು ಉಳಿದದ್ದೇ ನನ್ನ ಆದಾಯ. ತೆರಿಗೆ ಉಳಿಸಲು ಕಾನೂನುಬದ್ಧವಾಗಿ ಕಳೆದ ಒಂದೊಂದು ಖರ್ಚೂ ಇಲ್ಲಿ ಆದಾಯವನ್ನು ತಗ್ಗಿಸಿ ತೋರಿಸುತ್ತದೆ. ಸ್ವಂತ ಉದ್ಯೋಗದವರು ಮದುವೆ ಗೊತ್ತಾದ ವರ್ಷವೇ ತಮ್ಮ ತೆರಿಗೆ ವಿವರದ 1040 ನಮೂನೆಯ ಒಟ್ಟು ಆದಾಯದ ಸಾಲನ್ನು ಒಮ್ಮೆ ತೆಗೆದು ನೋಡುವುದು ಒಳ್ಳೆಯದು. ತೆರಿಗೆ ಇಲಾಖೆಯ ಜಾಲತಾಣದಿಂದ ಅದರ ಟ್ರಾನ್ಸ್‌ಕ್ರಿಪ್ಟ್ ಉಚಿತವಾಗಿ ಸಿಗುತ್ತದೆ, ದುಡ್ಡು ಕೊಟ್ಟು ತರಿಸಬೇಕಿಲ್ಲ.

ನನ್ನ ಆದಾಯ ಮಿತಿಗಿಂತ ಕೆಳಗಿತ್ತು. ಅಂಥವರಿಗೆ ಎರಡು ದಾರಿ. ಒಂದು, ಆಸ್ತಿ ತೋರಿಸುವುದು. ಪ್ರಜೆಯ ಗಂಡ ಅಥವಾ ಹೆಂಡತಿಯ ವಿಷಯದಲ್ಲಿ ಕೊರತೆ ಬಿದ್ದ ಮೊತ್ತದ ಮೂರು ಪಟ್ಟು ಆಸ್ತಿ ಬೇಕು. 8,000 ಡಾಲರ್ ಕಡಿಮೆಯಿದ್ದರೆ 24,000ದ ಆಸ್ತಿ. ವಲಸೆ ಬರುವವರ ಸ್ವಂತ ಆಸ್ತಿಯನ್ನೂ, ಅದು ಭಾರತದಲ್ಲೇ ಇದ್ದರೂ, ಲೆಕ್ಕಕ್ಕೆ ಹಿಡಿಯಬಹುದು. ಆದರೆ ಒಂದು ವರ್ಷದೊಳಗೆ ನಗದು ಮಾಡಲು ಬರುವಂತಿರಬೇಕು, ಒಡೆತನಕ್ಕೆ ದಾಖಲೆ ಇರಬೇಕು, ಮೇಲಿನ ಸಾಲ ಕಳೆದಿರಬೇಕು. ನನ್ನವರ ಮನೆತನಕ್ಕೆ ತೆಂಗಿನ ತೋಟವಿದೆ. ಪಹಣಿ ಮಾತ್ರ ಮಾವನವರ ಹೆಸರಿನಲ್ಲಿ, ಅಣ್ಣತಮ್ಮಂದಿರ ನಡುವೆ ವಿಭಾಗವಾಗಿಲ್ಲ. ವೀಸಾಗೋಸ್ಕರ ಮನೆಯಲ್ಲಿ ಪಾಲಿನ ಮಾತೆತ್ತುವುದು ನಮ್ಮಿಬ್ಬರಿಗೂ ಬೇಡವಾಗಿತ್ತು. ಅವರ ಹೆಸರಿನಲ್ಲಿದ್ದ ಎಫ್‌ಡಿ ಸಾಲುತ್ತಿರಲಿಲ್ಲ.

ಉಳಿದದ್ದು ಎರಡನೆಯ ದಾರಿ, ಸಹ ಜಾಮೀನುದಾರರು. ಅವರು ಹದಿನೆಂಟು ತುಂಬಿದ ಅಮೆರಿಕದ ಪ್ರಜೆಯೋ ಗ್ರೀನ್ ಕಾರ್ಡ್ ಇರುವವರೋ ಆಗಿದ್ದು ಇಲ್ಲೇ ನೆಲೆಸಿರಬೇಕು. ಮಿತಿಯನ್ನು ಅವರ ಆದಾಯವೊಂದೇ ಮುಟ್ಟಬೇಕು, ನನ್ನದನ್ನು ಜೊತೆಗೆ ಕೂಡಿಸುವಂತಿಲ್ಲ. ಅವರ ಮನೆಯ ತಲೆಗಳ ಜೊತೆ ಬರುವವರ ತಲೆಯೂ ಎಣಿಕೆಗೆ ಸೇರುತ್ತದೆ. ನಾಲ್ವರ ಮನೆಯಾದರೆ ಐವರ ಲೆಕ್ಕ, 2025ರಲ್ಲಿ 47,062 ಡಾಲರ್.

ನನಗಿದ್ದವರು ನನ್ನ ಸೋದರಮಾವ. ಇಲ್ಲಿ ನಮ್ಮವರ ನಡುವೆ ಈ ಸಹಿಯನ್ನು ಹೇಗೆ ಕೇಳುತ್ತಾರೆಂದು ನಾನು ಬಲ್ಲೆ. ಹಬ್ಬದ ಊಟಕ್ಕೆ ಕರೆದು, ಎಲೆ ಎತ್ತಿದ ಮೇಲೆ, ‘ಒಂದು ಫಾರ್ಮಾಲಿಟಿ ಇದೆ, ಒಂದು ಸಹಿ ಹಾಕಿಬಿಡಿ’ ಅನ್ನುತ್ತಾರೆ. ನೆಂಟಸ್ತಿಕೆಯ ದಾಕ್ಷಿಣ್ಯಕ್ಕೆ ಓದದೆಯೇ ಸಹಿ ಬೀಳುತ್ತದೆ. ಇದು ನನಗೆ ಒಪ್ಪಿಗೆಯಾಗದ ಪದ್ಧತಿ. ಊರಿನ ಸೊಸೈಟಿಯಲ್ಲಿ ಪಕ್ಕದ ಮನೆಯವರ ಸಾಲಕ್ಕೆ ಜಾಮೀನು ನಿಂತು, ಅವರು ಕಟ್ಟದೇ ಹೋದಾಗ ತನ್ನ ಮನೆ ಬಾಗಿಲಿಗೆ ನೋಟಿಸು ಬಂದದ್ದನ್ನು ಕಂಡ ಮಂದಿ ನಾವು. ಜಾಮೀನಿನ ಭಾರ ನಮಗೆ ಗೊತ್ತಿಲ್ಲದ್ದಲ್ಲ. ಇಂಗ್ಲಿಷಿನಲ್ಲಿ ಅಚ್ಚಾದ ನಮೂನೆ ಎಂಬ ಕಾರಣಕ್ಕೆ ಅದನ್ನು ಹಗುರವಾಗಿ ಕಾಣುವುದು ಸರಿಯಲ್ಲ.

ಮಾವನ ಮನೆಗೆ ನಮೂನೆಯ ಪ್ರತಿಯನ್ನೂ ಸೂಚನೆಗಳ ಪುಸ್ತಿಕೆಯನ್ನೂ ಒಯ್ದೆ. ಅತ್ತೆಯನ್ನೂ ಕೂರಲು ಕೇಳಿಕೊಂಡೆ, ಯಾಕೆಂದರೆ ಪಣಕ್ಕೆ ಬೀಳುವುದು ಅವರ ಸಂಸಾರದ ದುಡ್ಡು ಕೂಡ. ಮಾವ ಕೇಳಿದ ಮೊದಲ ಪ್ರಶ್ನೆ ನೇರವಾಗಿತ್ತು: ‘ನೋಡಮ್ಮ, ಈ ಜಾಮೀನು ಎಷ್ಟು ವರ್ಷದ್ದು?’

ಇದಕ್ಕೆ ವರ್ಷದ ಗಡುವಿಲ್ಲ. ಬಂದವರು ಅಮೆರಿಕದ ಪ್ರಜೆಯಾದರೆ ಹೊಣೆ ಮುಗಿಯುತ್ತದೆ. ಸೋಷಿಯಲ್ ಸೆಕ್ಯುರಿಟಿ ಲೆಕ್ಕದಲ್ಲಿ 40 ತ್ರೈಮಾಸಿಕಗಳ ದುಡಿಮೆ ಅವರ ಖಾತೆಗೆ ಸೇರಿದರೆ, ಅಂದರೆ ಸುಮಾರು ಹತ್ತು ವರ್ಷ, ಮುಗಿಯುತ್ತದೆ. ಗ್ರೀನ್ ಕಾರ್ಡ್ ಬಿಟ್ಟು ದೇಶದಿಂದ ಹೊರಟುಹೋದರೆ, ಅಥವಾ ಅವರೋ ಜಾಮೀನು ಕೊಟ್ಟವರೋ ತೀರಿಕೊಂಡರೆ ಮುಗಿಯುತ್ತದೆ. ವಿಚ್ಛೇದನವಾದರೆ ಮುಗಿಯುವುದಿಲ್ಲ. ಗಂಡಹೆಂಡತಿ ಬೇರೆಯಾದ ಮೇಲೂ ನನ್ನ ಜಾಮೀನು ಉಳಿಯುತ್ತದೆ, ಮಾವನದೂ ಉಳಿಯುತ್ತದೆ. ಬಂದವರ ಆದಾಯ ಮಿತಿಗಿಂತ ಕೆಳಗಿಳಿದರೆ ಕೊರತೆ ತುಂಬಿಕೊಡಿ ಎಂದು ಅವರೇ ಮೊಕದ್ದಮೆ ಹೂಡಬಹುದು. ಬಡವರಿಗೆಂದು ಇರುವ ಕೆಲವು ಸರ್ಕಾರಿ ನೆರವುಗಳನ್ನು ಅವರು ಪಡೆದರೆ ಸರ್ಕಾರವೂ ಹಣ ವಾಪಸ್ ಕೇಳಬಹುದು. ವಿಚ್ಛೇದನದ ನಂತರ ಮಾಜಿ ಪತ್ನಿ ಕೆಲಸ ಹುಡುಕಲಿಲ್ಲ ಎಂಬ ನೆಪ ಹೇಳಿ ಜಾಮೀನು ಕೊಟ್ಟ ಗಂಡ ತಪ್ಪಿಸಿಕೊಳ್ಳಲಾಗದು ಎಂದು ಚಿಕಾಗೊದ ಏಳನೇ ಸರ್ಕ್ಯೂಟಿನ ಮೇಲ್ಮನವಿ ನ್ಯಾಯಾಲಯ 2012ರಲ್ಲಿ ತೀರ್ಪು ಕೊಟ್ಟಿದೆ. ಇದನ್ನೂ ಅವರ ಮುಂದಿಟ್ಟೆ. ಜಾಮೀನು ಕೊಟ್ಟವರು ಮನೆ ಬದಲಿಸಿದರೆ 30 ದಿನದೊಳಗೆ ಐ-865 ತುಂಬಿ ಹೊಸ ವಿಳಾಸ ತಿಳಿಸಬೇಕು ಎಂಬ ಸಣ್ಣ ವಿಷಯವನ್ನೂ ಹೇಳಿದೆ. ಜಾಮೀನು ನಿಂತವರಲ್ಲಿ ಇದು ಗೊತ್ತಿರುವವರನ್ನು ನಾನು ಕಂಡಿಲ್ಲ.

ಅತ್ತೆ, ‘ಒಂದು ವಾರ ಯೋಚನೆ ಮಾಡ್ತೀವಿ ಕಣೆ’ ಅಂದರು. ಅದು ನನಗೆ ಬಹಳ ಹಿಡಿಸಿತು. ಆ ವಾರ ಮಾವ ನನ್ನವರಿಗೂ ಫೋನ್ ಮಾಡಿ ಮಾತಾಡಿದರು. ಇಲ್ಲಿಗೆ ಬಂದಮೇಲೆ ಏನು ಕೆಲಸ, ಶಿಕ್ಷಕರ ಪರವಾನಗಿಗೆ ಎಷ್ಟು ಓದಬೇಕು, ಅಲ್ಲಿಯವರೆಗೆ ಏನು ಮಾಡುತ್ತೀರಿ ಎಂದು ವಿಚಾರಿಸಿದರು. ಅಳಿಯನ ಹತ್ತಿರ ಇಂಥ ಮಾತೇ ಎಂದು ಕೆಲವರಿಗೆ ಅನ್ನಿಸೀತು. ಹಣದ ಹೊಣೆ ಹೊರುವವರಿಗೆ ಕೇಳುವ ಹಕ್ಕಿದೆ, ಹೊರಿಸುವವರಿಗೆ ಉತ್ತರ ಕೊಡುವ ಕರ್ತವ್ಯವಿದೆ. ನನ್ನವರು ಹೇಳಿದ್ದು, ಪರವಾನಗಿಗೆ ಕಾಯುತ್ತ ಕೂರುವುದಿಲ್ಲ, ಟ್ಯೂಷನ್ ಕೇಂದ್ರವೋ ಅಂಗಡಿಯೋ ಸಿಕ್ಕಿದ್ದನ್ನು ಹಿಡಿಯುತ್ತೇನೆ ಎಂದು. ಮಾವ ಸಹಿ ಹಾಕಿದರು.

ಇನ್ನು ದಾಖಲೆಗಳು. ದುಡ್ಡು ಪೋಲಾಗುವ ಜಾಗ ಇದು. ಬೆಂಗಳೂರಿನ ಒಬ್ಬ ಏಜೆಂಟರು ಎಲ್ಲ ಕಾಗದಕ್ಕೂ ನೋಟರಿ, ಅಪಾಸ್ಟಿಲ್ ಬೇಕೇ ಬೇಕು ಎಂದು ದೊಡ್ಡ ಮೊತ್ತದ ಪಟ್ಟಿ ಕೊಟ್ಟರು. ಈ ವೀಸಾಕ್ಕೆ ಅಪಾಸ್ಟಿಲ್ ಬೇಕಿಲ್ಲ. ಕನ್ನಡದಲ್ಲಿರುವ ದಾಖಲೆಗೆ ಇಂಗ್ಲಿಷ್ ಅನುವಾದ ಬೇಕು. ಎರಡೂ ಭಾಷೆ ಬಲ್ಲ ಯಾರಾದರೂ ಅನುವಾದಿಸಿ, ಇದು ಪೂರ್ಣವಾಗಿದೆ, ಸರಿಯಾಗಿದೆ, ಅನುವಾದಿಸುವ ಅರ್ಹತೆ ನನಗಿದೆ ಎಂದು ಬರೆದು ಸಹಿ ಮಾಡಿದರೆ ಸಾಕು. ನನ್ನವರ ಪ್ರಾಥಮಿಕ ಶಾಲೆಯ ಟಿಸಿಯನ್ನು ಇಲ್ಲಿನ ಕನ್ನಡತಿ ಗೆಳತಿಯೊಬ್ಬರು ಹೀಗೆ ಅನುವಾದಿಸಿಕೊಟ್ಟರು. ಕಾನೂನು ಸಲಹೆ ಬೇಕಾದರೆ ಏಜೆಂಟರಿಗಲ್ಲ, ವಕೀಲರಿಗೆ ದುಡ್ಡು ಕೊಡಿ. ಹಿಂದಿನ ವೀಸಾ ಮೀರಿ ಉಳಿದದ್ದು, ಪೊಲೀಸ್ ಪ್ರಕರಣ, ಮೊದಲ ಮದುವೆಯ ತೊಡಕು ಇದ್ದರಂತೂ ಅಲ್ಲಿ ಉಳಿತಾಯ ಮಾಡಬಾರದು. ಶುಲ್ಕ ಕಟ್ಟುವಾಗ ವಿಳಾಸದ ಕೊನೆಗೆ ಡಾಟ್ ಗವ್ ಇದೆಯೇ ನೋಡಿಕೊಳ್ಳಿ.

ಟಿಸಿ ಯಾಕೆ ಬೇಕಾಯಿತೆಂದರೆ, ಅವರು ಹುಟ್ಟಿದ್ದು ಅಜ್ಜಿಯ ಹಳ್ಳಿಯ ಮನೆಯಲ್ಲಿ, ಸೂಲಗಿತ್ತಿಯ ಕೈಯಲ್ಲಿ. ಜನನ ನೋಂದಣಿಯಾಗಿರಲಿಲ್ಲ. ಅಂಥವರು ಜನನ-ಮರಣ ನೋಂದಣಾಧಿಕಾರಿಯಿಂದ ಅಲಭ್ಯತಾ ಪ್ರಮಾಣ ಪತ್ರ ಪಡೆದು, ಅದರ ಜೊತೆ ಶಾಲಾ ದಾಖಲೆ, ಹೆತ್ತವರ ಅಫಿಡವಿಟ್ ಇಡಬಹುದು. ನನ್ನವರ ತಂದೆತಾಯಿ ಗಟ್ಟಿಯಾಗಿರುವಾಗಲೇ ಆ ಅಫಿಡವಿಟ್ ಬರೆಸಿಟ್ಟದ್ದು ಒಳ್ಳೆಯದಾಯಿತು. ಪಾಸ್‌ಪೋರ್ಟ್ ಸೇವಾ ಮೂಲಕ ಸಿಗುವ ಪೊಲೀಸ್ ಕ್ಲಿಯರೆನ್ಸ್‌ಗೆ ₹500.

ಹೆಸರಿನ ತಾಪತ್ರಯ ನಮ್ಮ ಕಡೆಯವರಿಗೆ ವಿಶೇಷ. ಊರಿನ ಹೆಸರಿಗೆ ಒಂದು ಇನಿಷಿಯಲ್, ತಂದೆಯ ಹೆಸರಿಗೆ ಇನ್ನೊಂದು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಅವು ಅಕ್ಷರಗಳಾಗೇ ಇದ್ದರೆ, ಪಾಸ್‌ಪೋರ್ಟಿನಲ್ಲಿ ಬಿಡಿಸಿ ಬರೆದಿರುತ್ತದೆ, ಆಧಾರ್‌ನಲ್ಲಿ ಇನ್ನೇನೋ. ಪಾಸ್‌ಪೋರ್ಟಿನಲ್ಲಿ ಹೆಸರು ಎರಡು ಭಾಗವಾಗದೆ ಒಂದೇ ಕಡೆ ಕೂತಿದ್ದರೆ ಅಮೆರಿಕದ ವೀಸಾ ಅದನ್ನೇ ಮನೆತನದ ಹೆಸರು ಮಾಡಿ, ಮೊದಲ ಹೆಸರಿನ ಜಾಗದಲ್ಲಿ ಎಫ್‌ಎನ್‌ಯು (ಮೊದಲ ಹೆಸರು ಗೊತ್ತಿಲ್ಲ ಎಂದರ್ಥ) ಎಂದು ಅಚ್ಚು ಹಾಕುತ್ತದೆ. ಮುಂದೆ ಬ್ಯಾಂಕು, ಡ್ರೈವಿಂಗ್ ಲೈಸೆನ್ಸ್, ಸಂಬಳದ ಚೆಕ್ಕು ಎಲ್ಲಕ್ಕೂ ಅದು ಅಂಟಿಕೊಳ್ಳುತ್ತದೆ. ಐ-130 ಹಾಕುವ ಮೊದಲೇ ಪಾಸ್‌ಪೋರ್ಟ್ ಸರಿಮಾಡಿಸಿ. ಉಳಿದ ರೂಪಗಳನ್ನೆಲ್ಲ ವೀಸಾ ಅರ್ಜಿಯಾದ ಡಿಎಸ್-260 ನಮೂನೆಯ ‘ಬಳಸಿದ ಇತರ ಹೆಸರುಗಳು’ ಜಾಗದಲ್ಲಿ ಬರೆಯಿರಿ. ಅದೇ ನಮೂನೆಯಲ್ಲಿ ಸೋಷಿಯಲ್ ಸೆಕ್ಯುರಿಟಿ ಕಾರ್ಡ್ ಬೇಕೇ ಎಂಬ ಪ್ರಶ್ನೆಗೆ ಹೌದು ಅಂದರೆ, ಬಂದಮೇಲೆ ಕಚೇರಿಗೆ ಅಲೆಯುವುದು ತಪ್ಪುತ್ತದೆ.

ಮದುವೆ ನಿಜವಾದದ್ದೆಂದು ತೋರಿಸಲು ಉಪನೋಂದಣಾಧಿಕಾರಿ ಕಚೇರಿಯ ಪ್ರಮಾಣ ಪತ್ರದ ಜೊತೆ ಹಣದ ದಾಖಲೆಗಳೂ ಬೇಕು. ಎಲ್‌ಐಸಿ ಪಾಲಿಸಿಗೆ ನಾಮಿನಿ, ಕಳಿಸಿದ ಹಣದ ರಸೀದಿ, ಜಂಟಿ ಖಾತೆ. ಅಮೆರಿಕದ ಪ್ರಜೆ ಭಾರತದ ಜಂಟಿ ಖಾತೆಗೆ ಹೆಸರು ಸೇರಿಸಿದಾಗ ಒಂದು ಮಾತು ನೆನಪಿರಲಿ: ಹೊರದೇಶದ ಖಾತೆಗಳೆಲ್ಲ ಸೇರಿ ವರ್ಷದಲ್ಲಿ ಒಂದು ದಿನ 10,000 ಡಾಲರ್ ದಾಟಿದರೂ ಎಫ್‌ಬಾರ್ ಎಂಬ ವರದಿ ಸಲ್ಲಿಸಬೇಕು. ತೆರಿಗೆ ವಿವರದಲ್ಲಿ ಮದುವೆಯಾದ ವರ್ಷದಿಂದ ‘ಒಂಟಿ’ ಎಂದು ಬರೆಯುವಂತಿಲ್ಲ. ಸಂಗಾತಿ ಇನ್ನೂ ಭಾರತದಲ್ಲೇ ಇದ್ದರೂ ಜಂಟಿಯಾಗಿ ಸಲ್ಲಿಸಲು ಅವಕಾಶವಿದೆ, ಆದರೆ ಅವರ ಭಾರತದ ಸಂಬಳ, ಬಡ್ಡಿ ಎಲ್ಲವೂ ಅಮೆರಿಕದ ತೆರಿಗೆಯ ಲೆಕ್ಕಕ್ಕೆ ಬರುತ್ತದೆ. ಆ ಸಂಬಳ ಐ-864ಕ್ಕೂ ನೆರವಾಗದು, ಯಾಕೆಂದರೆ ವಲಸೆಯ ನಂತರವೂ ಅದೇ ಮೂಲದಿಂದ ಮುಂದುವರಿಯುವ ಆದಾಯಕ್ಕೆ ಮಾತ್ರ ಅಲ್ಲಿ ಬೆಲೆ. ನಾವು ತೆರಿಗೆಯ ಲೆಕ್ಕವನ್ನು ಬೇರೆ ಬೇರೆಯಾಗಿಯೇ ಇಟ್ಟುಕೊಂಡೆವು.

ನನ್ನವರು ಬಂದು ಇಳಿದಾಗ ಮದುವೆಗೆ ಎರಡು ವರ್ಷ ತುಂಬಿರಲಿಲ್ಲ. ಹಾಗಾಗಿ ಸಿಕ್ಕಿದ್ದು ಎರಡು ವರ್ಷದ ಷರತ್ತಿನ ಗ್ರೀನ್ ಕಾರ್ಡ್. ಅದು ಮುಗಿಯುವ ಮುಂಚಿನ 90 ದಿನಗಳಲ್ಲಿ ಷರತ್ತು ತೆಗೆಸಲು ಐ-751 ಅರ್ಜಿ ಹಾಕಬೇಕು, ಶುಲ್ಕ 750 ಡಾಲರ್. ಹಾಸನದ ಅವರ ಉಳಿತಾಯ ಖಾತೆಯನ್ನು ಎನ್‌ಆರ್‌ಒ, ಅಂದರೆ ಅನಿವಾಸಿಗಳ ಖಾತೆ, ಮಾಡಿಸಿದ್ದಾಯಿತು. ಆರೋಗ್ಯ ವಿಮೆಗೆ, ಬಂದ 60 ದಿನದೊಳಗೆ ಸಿಗುವ ವಿಶೇಷ ಅವಕಾಶದಲ್ಲಿ ಸೇರಿಸಿದೆ. ಈಗ ಅವರು ಸಂಜೆ ಹೊತ್ತು ಒಂದು ಟ್ಯೂಷನ್ ಕೇಂದ್ರದಲ್ಲಿ ಕಲಿಸುತ್ತಾರೆ. ಮೊದಲ ಸಂಬಳದ ಚೀಟಿಯ ಫೋಟೊ ಹೋದದ್ದು ಮಾವನಿಗೆ. ತ್ರೈಮಾಸಿಕಗಳ ಎಣಿಕೆ ಶುರುವಾಯಿತು ಎಂದು ಅವರು ತಿಳಿದುಕೊಳ್ಳಲಿ ಎಂಬುದು ನಮ್ಮಿಬ್ಬರ ಆಸೆಯಾಗಿತ್ತು. ಐ-751ರ ದುಡ್ಡನ್ನು ಬೇರೆ ಖಾತೆಯಲ್ಲಿ ತಿಂಗಳು ತಿಂಗಳು ಎತ್ತಿಡುತ್ತಿದ್ದೇವೆ. ಇಬ್ಬರ ಹೆಸರೂ ಇರುವ ಬಾಡಿಗೆ ಕರಾರು, ವಿದ್ಯುತ್ ಬಿಲ್ಲು, ವಿಮೆ ಪತ್ರಗಳನ್ನು ಬಂದ ಬಂದಂತೆ ಅದೇ ಕಡತಕ್ಕೆ ಸೇರಿಸುತ್ತಿದ್ದೇವೆ.